ಲಕ್ಕಯ್ಯನ ಪರ ವಕೀಲ

"ಮಚ್ಚಿನ ಮೇಲೆ ಬೆರಳಚ್ಚು ತೆಗೆಸಿದ್ರಾ?"

"ಇಲ್ಲ."

"ಯಾಕೆ?"

ಸಾಕ್ಷಿಕಟ್ಟೆಯಲ್ಲಿದ್ದ ಇನ್ಸ್‌ಪೆಕ್ಟರ್ ದಯಾನಂದ್ ಸರ್ಕಾರಿ ವಕೀಲರತ್ತ ನೋಡಿದರು. ಪ್ರಶ್ನೆ ಕೇಳುತ್ತಿದ್ದ ಆರೋಪಿ ಪರ ವಕೀಲ ತೋಂಟದಾರ್ಯ ಅವಸರ ಮಾಡಲಿಲ್ಲ. ತಿಪಟೂರಿನ ಕೋರ್ಟಿನಲ್ಲಿ ಇಷ್ಟು ವರ್ಷ ಪಾಲು, ಗಡಿ ತಕರಾರುಗಳಲ್ಲೇ ಸವೆದ ಅವನಿಗೆ ಇದು ಮೊದಲ ಕೊಲೆ ಮೊಕದ್ದಮೆ. ಇನ್ಸ್‌ಪೆಕ್ಟರ್ ತಡವರಿಸುವುದನ್ನು ಅವನು ಸವಿದ.

ಮಾಯಸಂದ್ರದ ಹತ್ತಿರ ತೆಂಗಿನ ತೋಟದಲ್ಲಿ ಚಿಕ್ಕಣ್ಣ ಕೊಲೆಯಾಗಿದ್ದ. ಆರೋಪಿ ಅವನ ಒಡಹುಟ್ಟಿದ ಅಣ್ಣ ಲಕ್ಕಯ್ಯ. ಈಗ ಜಾಮೀನಿನ ಮೇಲಿದ್ದ.

"ಮಚ್ಚು ಸಿಕ್ಕ ಪಂಪ್‌ಹೌಸಿಗೆ ಬಾಗಿಲಿತ್ತಾ?"

"ಇರಲಿಲ್ಲ."

"ಆವತ್ತು ತೋಟದಲ್ಲಿ ಕಾಯಿ ಕೀಳ್ತಿದ್ದೋರನ್ನ ವಿಚಾರಿಸಿದ್ರಾ?"

"ಅಗತ್ಯ ಕಾಣಲಿಲ್ಲ."

"ಅಗತ್ಯ ಕಾಣಲಿಲ್ವೋ, ಮೊದಲೇ ಲಕ್ಕಯ್ಯನನ್ನ ಆರಿಸಿಕೊಂಡುಬಿಟ್ಟಿದ್ರೋ?"

ದಯಾನಂದ್ ಹಣೆ ಒರೆಸಿಕೊಂಡರು. ಹಿಂದಿನ ಸಾಲಿನಲ್ಲಿ ಕಿರಿಯ ವಕೀಲರು ಮೈಯೆಲ್ಲ ಕಿವಿಯಾಗಿದ್ದರು. ತಿರುಗಿ ನೋಡದೆಯೇ ತೋಂಟದಾರ್ಯನಿಗೆ ಅದು ಗೊತ್ತಿತ್ತು.

ಹೊರಗೆ ಬಂದಾಗ ಹಿರಿಯರು ಕೈ ಕುಲುಕಿದರು. ದಯಾನಂದರೂ ಹತ್ತಿರ ಬಂದರು.

"ಮೈ ನೀರಿಳಿಸಿಬಿಟ್ರಿ ಸಾರ್. ಆದ್ರೂ ಮಾಡಿದ್ದು ಅವನೇ."

"ಸಾಬೀತು ಮಾಡ್ಬೇಕಿತ್ತು," ಎಂದು ತೋಂಟದಾರ್ಯ ನಕ್ಕ. ಆ ನಗು ತನಗೆ ಒಪ್ಪುತ್ತದೆ ಅನಿಸಿತು.

ಗೇಟಿನ ಬಳಿ ಓಬಮ್ಮ ಕಾದಿದ್ದಳು; ತುಸು ದೂರದಲ್ಲಿ ಲಕ್ಕಯ್ಯ ಬಸ್ಸಿನ ದಾರಿ ನೋಡುತ್ತಿದ್ದ. ಸತ್ತವನಿಗೂ ಆರೋಪಿಗೂ ಅವಳೇ ತಾಯಿ.

"ಹಂಗಾರೆ ನನ್ ಚಿಕ್ಕಣ್ಣನ್ನ ಕೊಂದೋರು ಯಾರು ಸ್ವಾಮಿ?"

"ಅದನ್ನ ಪೊಲೀಸ್ರು ಕಂಡುಹಿಡೀಬೇಕಿತ್ತಮ್ಮ. ನನ್ನ ಕೆಲಸ ಅಲ್ಲ."

"ಇವ್ನೇನಾ? ಅಷ್ಟು ಹೇಳ್ಬುಡಿ. ರಾತ್ರಿಗೆ ಇವ್ನಿಗೇ ಮುದ್ದೆ ಇಕ್ಬೇಕು ನಾನು."

ಕಕ್ಷಿದಾರನನ್ನು ಆ ಒಂದು ಪ್ರಶ್ನೆ ಅವನು ಎಂದೂ ಕೇಳಿರಲಿಲ್ಲ. ಕೇಳದಿರುವುದೇ ಜಾಣತನವೆಂದು ಹೆಮ್ಮೆಪಟ್ಟುಕೊಂಡಿದ್ದ.

"ಬಿಡುಗಡೆ ಆಗ್ತಾನೆ ಕಣಮ್ಮ," ಎಂದ.

"ನಾನು ಕೇಳಿದ್ದು ಅದಲ್ಲ."

ಅಷ್ಟರಲ್ಲಿ ಮಾಯಸಂದ್ರದ ಬಸ್ಸು ಬಂತು. ಲಕ್ಕಯ್ಯ ಮೊದಲು ಹತ್ತಿ, ಕಿಟಕಿಯ ಪಕ್ಕ ಕೂತು, ತಾಯಿಗೆಂದು ಬದಿಯ ಸೀಟಿನ ಮೇಲೆ ಟವೆಲ್ ಹಾಸಿದ. ಓಬಮ್ಮ ಹತ್ತಿದಳು, ಕೂರಲಿಲ್ಲ. ಕಂಬಿ ಹಿಡಿದು, ಮಗನಿಗೆ ಬೆನ್ನು ಮಾಡಿ ನಿಂತಳು.

ಕಿಟಕಿಯಿಂದ ಲಕ್ಕಯ್ಯ ಕೈಮುಗಿದ. ಅಭಯ ಕೊಡುವವನಂತೆ ತೋಂಟದಾರ್ಯನ ಬಲಗೈ ತಾನಾಗಿ ಮೇಲೆದ್ದಿತು. ಬಸ್ಸು ತಿರುವಿನಲ್ಲಿ ಮರೆಯಾಯಿತು. ಖಾಲಿ ರಸ್ತೆಯೆದುರು ಕೈ ಹಾಗೇ ಎತ್ತಿಕೊಂಡು ಅವನು ನಿಂತಿದ್ದ.