ಅಜ್ಜಿಯ ಮೊಟ್ಟೆ, ಚಿಕ್ಕಪ್ಪನ ತೋಳು

ಈ ಕಣ್ಣಿಗೆ ಮಣ್ಣೆರಚುವ ಕಳ್ಳ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ನಮ್ಮ ಮನೆಯಲ್ಲಂತೂ ಬಾಳುವುದಿಲ್ಲ. ಅಜ್ಜಿಯ ಮೊಟ್ಟೆ ಕೇಸನ್ನು ನಾನೊಬ್ಬಳೇ ಹೇಗೆ ಭೇದಿಸಿದೆ, ಕೇಳಿ.

ಸೊಂಟದ ಮೂಳೆ ಮುರಿದು ಆಸ್ಪತ್ರೆಯಿಂದ ಬಂದ ಅಜ್ಜಿಗೆ ನರ್ಸಕ್ಕ ಒಂದು ಲೆಕ್ಕ ಕೊಟ್ಟಿದ್ದಳು: ಮೈತೂಕ ಎಷ್ಟು ಕಿಲೋವೋ, ದಿನಕ್ಕೆ ಅಷ್ಟು ಗ್ರಾಂ ಪ್ರೋಟೀನ್. ಅಮ್ಮ ಅಜ್ಜಿಯನ್ನು ತೂಕದ ಯಂತ್ರದ ಮೇಲೆ ಹತ್ತಿಸಿದಳು. ಮುಳ್ಳು ನಲವತ್ತೊಂದಕ್ಕೆ ನಿಂತಿತು.

"ಅತ್ತೆ ಎಷ್ಟು ಸೊರಗಿದಾರೆ ನೋಡು" ಎಂದ ಅಮ್ಮ, ನಲವತ್ತೊಂದು ಗ್ರಾಮಿಗೆ ಹಾಲು, ಬೇಳೆ, ಎರಡು ಮೊಟ್ಟೆ ಎಂದು ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದಳು.

ತಿಂಗಳಾದರೂ ಅಜ್ಜಿ ಆಸರೆಯಿಲ್ಲದೆ ಕುರ್ಚಿಯಿಂದ ಏಳಲಿಲ್ಲ. ಅಜ್ಜಿ ದರ್ಜಿ. ಇನ್ನು ಹನ್ನೆರಡು ದಿನದಲ್ಲಿ ನಿಂತು ಬಟ್ಟೆ ಕತ್ತರಿಸದಿದ್ದರೆ ಅವಳ ಬಾಡಿಗೆ ಅಂಗಡಿ ಬೇರೆಯವರ ಪಾಲು.

"ನಿಮ್ಮಜ್ಜಿ ಮೊಟ್ಟೆ ಯಾರೋ ನುಂಗ್ತಿದಾರೆ ಕಣೇ ಚೂಟಿ" ಎಂದಳು ಅಮ್ಮ.

ನನ್ನ ಅನುಮಾನ ನೇರ ಚಿಕ್ಕಪ್ಪನ ಮೇಲೆ. ಜಿಮ್ಮಿಗೆ ಹೋಗುವ ಅವನ ತೋಳು ಈಚೆಗೆ ಅಂಗಿಯೊಳಗೆ ಹಿಡಿಸುತ್ತಿರಲಿಲ್ಲ. ಬಾಯಿ ತೆರೆದರೆ ಬೇಯಿಸಿದ ಮೊಟ್ಟೆಯ ವಾಸನೆ. ಫ್ರಿಜ್ಜಿನ ಮೊಟ್ಟೆಗಳಿಗೆಲ್ಲ ಪೆನ್ಸಿಲಿನಲ್ಲಿ ನಂಬರ್ ಹಾಕಿದೆ. ಮೂರನೇ ದಿನ ಅವನ ಚೀಲದಲ್ಲಿ ಸಿಪ್ಪೆ ಸಿಕ್ಕಿತು.

"ಆಟ ಮುಗೀತು ಚಿಕ್ಕಪ್ಪ. ಮರ್ಯಾದೆಯಾಗಿ ಒಪ್ಕೋ."

"ಲೇ ಪೊಲೀಸಮ್ಮ, ಸಿಪ್ಪೆ ಮೇಲೆ ನಿನ್ ನಂಬರ್ ಇದೆಯಾ? ನಾನೇ ಕೊಂಡಿದ್ದು." ಅವನು ದನಿ ತಗ್ಗಿಸಿದ. "ಹೋದ ತಿಂಗಳು ಒಂದೇ ದಿನಕ್ಕೆ ಹತ್ತು ಕಿಲೋ ಇಳಿದುಬಿಟ್ಟೆ ಕಣೇ. ದಿನಾ ಎಂಟು ತಿಂತೀನಿ, ಮುಳ್ಳು ಏಳ್ತಾನೇ ಇಲ್ಲ. ಏನೋ ಕಾಯಿಲೆ ಇರಬೇಕು. ಅತ್ತಿಗೆಗೆ ಹೇಳ್ಬೇಡ."

ಸಿಪ್ಪೆಯನ್ನು ಅವನ ಚೀಲಕ್ಕೇ ವಾಪಸ್ ತುರುಕಿದೆ.

ಸಂಜೆ ನರ್ಸಕ್ಕ ತನ್ನದೇ ಯಂತ್ರ ತಂದಳು. ಅಜ್ಜಿ ಐವತ್ತೊಂದು ತೂಗಿದಳು.

"ದಿನಾ ಹತ್ತು ಗ್ರಾಂ ಕಮ್ಮಿ ಕೊಟ್ಟಿದೀರಲ್ಲ. ಈ ವಯಸ್ಸಿಗೆ ಅದು ಸಣ್ಣದಲ್ಲ."

"ಹಳೇ ಯಂತ್ರ, ಕೆಟ್ಟಿರಬೇಕು" ಎಂದಳು ಅಮ್ಮ.

"ಟೇಪೇ ತಪ್ಪಿದ್ರೆ ಅಂಗಿ ಹೆಂಗಮ್ಮ ಕೂರುತ್ತೆ" ಎಂದು ಅಜ್ಜಿ ನಕ್ಕಳು.

ಉಳಿದ ಒಂಬತ್ತು ದಿನದಲ್ಲಿ ಅವಳ ಕಾಲಿಗೆ ಬಲ ಬರಲಿಲ್ಲ. ಅಂಗಡಿಯ ಬೀಗದಕೈಯನ್ನು ಚಿಕ್ಕಪ್ಪ ಕೊಟ್ಟುಬಂದ.

ಕಳ್ಳ ಯಾರೂ ಇರಲಿಲ್ಲ. ದಿನಾ ತೂಕ ನೋಡಿ ಕೊಚ್ಚಿಕೊಳ್ಳುವ ಚಿಕ್ಕಪ್ಪನನ್ನು ಹೆದರಿಸಲು ಯಂತ್ರದ ತಿರುಪನ್ನು ಹತ್ತು ಕಿಲೋ ಹಿಂದಕ್ಕೆ ತಿರುಗಿಸಿದ್ದು ನಾನು. ಮರುದಿನ ಅಜ್ಜಿ ಅದೇ ಯಂತ್ರ ಹತ್ತಿದಾಗ ಪಕ್ಕದಲ್ಲೇ ನಿಂತಿದ್ದೆ. ಹೇಳಿದರೆ ಮೋಜು ಕೆಡುತ್ತದೆಂದು ಹೇಳಲಿಲ್ಲ.