ಅಕ್ಕ ತಿದ್ದದ ಕಾಗದ

ಆ ಬೀಗದ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಟೈಪಿಂಗ್ ಅಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಮ್ಯಾನೇಜರ್ ಸಾಹೇಬರು ಬಾಯಿಗೆ ಬಂದದ್ದನ್ನು ಹೇಳುತ್ತಿದ್ದರು, ಅವಳು ಕಾನೂನಿಗೆ ಒಗ್ಗುವ ಹಾಗೆ ತಿದ್ದಿ ಟೈಪು ಮಾಡುತ್ತಿದ್ದಳು. ಯಾರನ್ನಾದರೂ ಕೆಲಸದಿಂದ ತೆಗೆಯಬೇಕಾದರೆ ಮೊದಲು ಆರೋಪದ ನೋಟಿಸು, ಉತ್ತರಕ್ಕೆ ಏಳು ದಿನ, ಆಮೇಲೆ ವಿಚಾರಣೆ, ಕಡೆಗೆ ಆದೇಶ. ಸಾಹೇಬರ ತಲೆಗೆ ಇದು ಯಾವತ್ತೂ ಹತ್ತಿರಲಿಲ್ಲ. ಹತ್ತುವ ಅಗತ್ಯವಾದರೂ ಏನಿತ್ತು, ಅಕ್ಕ ಇದ್ದಳಲ್ಲ! ಒಂದೊಂದನ್ನೂ ಅದರದರ ದಿನಕ್ಕೆ ಅವಳು ಮುಂದಿಟ್ಟರೆ ಅವರು ಓದದೆ ಸಹಿ ಗೀಚುತ್ತಿದ್ದರು.

ಹೀಗಿರುವಾಗ ಸಾಹೇಬರ ಭಾವಮೈದುನನಿಗೆ ಒಂದು ಕುರ್ಚಿ ಬೇಕಾಯಿತು. ಖಾಲಿ ಕುರ್ಚಿ ಇರಲಿಲ್ಲ. ಅಕ್ಕನದನ್ನು ಖಾಲಿ ಮಾಡಿಸಬಹುದು ಎಂದು ಅವರಿಗೆ ಹೊಳೆಯಿತು.

“ಬೇಜಾರು ಮಾಡ್ಕೋಬೇಡಿ, ಇದು ನಿಮ್ಮದೇ ಕಾಗದ. ಬೇರೆ ಯಾರಿಗೂ ಟೈಪಿಂಗ್ ಬರಲ್ಲ ನೋಡಿ,” ಎಂದರು. ಕಚೇರಿಯ ಗುಟ್ಟನ್ನು ಕಾರ್ಮಿಕರ ಸಂಘಕ್ಕೆ ಮುಟ್ಟಿಸಿದಳು ಎಂಬುದು ಆರೋಪ.

ಶುದ್ಧ ಸುಳ್ಳು. ಅಕ್ಕನಿಗೆ ಮೈಯೆಲ್ಲ ಉರಿಯಿತು. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಮಗಳ ನರ್ಸಿಂಗ್ ಓದು ಇನ್ನೂ ಎರಡು ವರ್ಷ ಬಾಕಿ.

“ತಾರೀಖು ಏನು ಹಾಕ್ಲಿ ಸಾರ್?”

“ನೋಟಿಸು, ವಿಚಾರಣೆ ಎಲ್ಲಕ್ಕೂ ಇವತ್ತಿಂದೇ ಹಾಕಿ. ಆದೇಶಕ್ಕೆ ನಿನ್ನೇದು ಹಾಕ್ಬಿಡಿ. ಅವನು ನಾಳೆ ಬೆಳಿಗ್ಗೆನೇ ಬಂದು ಕೂತ್ಕೋತಾನೆ.”

ವಿಚಾರಣೆಗೆ ಮೊದಲೇ ಆದೇಶ! ತಿದ್ದಿ ತಿದ್ದಿ ಪಳಗಿದ ಬೆರಳುಗಳು ತಮ್ಮಷ್ಟಕ್ಕೆ ತಡೆದು ನಿಂತವು. ಅಕ್ಕ ಅವನ್ನು ಗದರಿಸಿದಳು. ಸಾಹೇಬರು ಹೇಳಿದ್ದನ್ನು ಒಂದಕ್ಷರ ಆಚೀಚೆ ಮಾಡದೆ ಟೈಪು ಮಾಡಿ ಮುಂದಿಟ್ಟಳು. ಅವರು ವಾಡಿಕೆಯಂತೆ ಸಹಿ ಹಾಕಿದರು, ಥ್ಯಾಂಕ್ಸ್ ಕೂಡ ಹೇಳಿದರು.

ಏಳು ತಿಂಗಳ ನಂತರ ಕಾರ್ಮಿಕ ನ್ಯಾಯಾಲಯದಲ್ಲಿ ನ್ಯಾಯಾಧೀಶರು ಆ ಮೂರು ಹಾಳೆಗಳನ್ನು ತಿರುಗಿಸಿ ಮುರುಗಿಸಿ ನೋಡಿದರು.

“ವಿಚಾರಣೆ ಮಾಡೋಕೆ ಮುಂಚೇನೇ ಇವರು ತಪ್ಪಿತಸ್ಥೆ ಅಂತ ನಿಮಗೆ ಹೇಗೆ ಗೊತ್ತಾಯ್ತು?”

ಸಾಹೇಬರು ಬೆವರೊರೆಸಿಕೊಂಡರು. “ಸ್ವಾಮಿ, ನಾನು ಯಾವಾಗ್ಲೂ ಹೀಗೇ ಹೇಳೋದು. ಅಕ್ಕ ತಿದ್ಕೋತಾರೆ.”

“ಯಾವ ಅಕ್ಕ?”

ಸಾಹೇಬರು ಅವಳತ್ತ ಬೆರಳು ತೋರಿಸಿದರು. ಕೋರ್ಟಿನ ಗುಮಾಸ್ತನಿಗೂ ನಗು ತಡೆಯಲಾಗಲಿಲ್ಲ. ಆದೇಶ ರದ್ದಾಯಿತು, ಅಕ್ಕನಿಗೆ ಕೆಲಸ ವಾಪಸ್ ಸಿಕ್ಕಿತು.

ಮಗಳಿಗೆ ಫೋನ್ ಮಾಡೋಣವೆಂದು ಹಿಗ್ಗಿನಿಂದ ಹೊರಗೆ ಬಂದರೆ, ಮೆಟ್ಟಿಲ ಬಳಿ ಕ್ಯಾಂಟೀನಿನ ಹಳೆಯ ಅಡುಗೆಯವನು ನಿಂತಿದ್ದ. ಪಾತ್ರೆ ಕದ್ದನೆಂದು ನಾಲ್ಕು ವರ್ಷದ ಹಿಂದೆ ಕೆಲಸ ಕಳೆದುಕೊಂಡವನು. ಇವತ್ತು ಅವಳ ಕೇಸಿನ ತೀರ್ಪು ಎಂದು ಕೇಳಿ, ಅವಳನ್ನು ಮಾತಾಡಿಸಲೆಂದೇ ಬಂದಿದ್ದ.

“ತುಂಬಾ ಸಂತೋಷ ಆಯ್ತು ಅಕ್ಕ. ನನ್ನ ಕೇಸೂ ಇದೇ ಕೋರ್ಟಲ್ಲೇ ನಡೆದಿದ್ದು. ‘ನೀನು ಕದ್ದಿದ್ದೀಯ ಅಂತ ನನಗೇನೂ ಅನ್ನಿಸ್ತಿಲ್ಲಪ್ಪ, ಆದ್ರೆ ಕ್ರಮದಲ್ಲಿ ಒಂದು ತಪ್ಪೂ ಸಿಗ್ತಿಲ್ಲ. ಇಷ್ಟು ಚೊಕ್ಕವಾದ ಕಾಗದ ನಾನು ನೋಡೇ ಇಲ್ಲ’ ಅಂದ್ಬಿಟ್ರು ಜಡ್ಜು.”

ಅವನ ದನಿಯಲ್ಲಿ ಕೊಂಕಿರಲಿಲ್ಲ. ಅಕ್ಕನಿಗೆ ತಲೆ ಎತ್ತಲಾಗಲಿಲ್ಲ. ಅವನದೂ ಎಲ್ಲ ಒಂದೇ ದಿನ ಮುಗಿಯಲಿ ಎಂದೇ ಸಾಹೇಬರು ಹೇಳಿದ್ದರು. ಏಳು ದಿನ ಎಣಿಸಿ ಕೊಟ್ಟವಳು ಅವಳೇ.