ಹಬ್ಬಕ್ಕ ಹಚ್ಚಿದ ಸುಣ್ಣ

ರಂಜಾನ್ ಹಬ್ಬದ ಮುಂದ ಮನೀಗೆ ಸುಣ್ಣಾ ಹಚ್ಚಲಾರದಾಕಿ ಹೆಂಗಸ ಅಲ್ಲ ಅಂತ ನಮ್ಮತ್ತಿ ಹೇಳತಿದ್ಲು. ಆಕಿ ಮಾತು ಕೇಳೇ ನಾ ಆ ವರ್ಷ ಕೆಟ್ಟೆ. ಕೆಟ್ಟೆ ಅಂದ್ರ ಪೂರಾ ಕೆಡಲಿಲ್ಲ, ಅಲ್ಲಾ ಕಾಯ್ದ, ಅಂಚಿನ ತನಕ ಹೋಗಿ ಬಂದೆ. ಹೇಳ್ತೇನಿ ಕೇಳ್ರಿ. ನಡುವ ಬಾಯಿ ಹಾಕಬ್ಯಾಡ್ರಿ, ನನಗ ಸಿಟ್ಟು ಲಗೂನ ಬರತೈತಿ.

ವಿಲಾಯತಿನ್ಯಾಗ ಲಡಾಯಿ ಸುರು ಆದ ವರ್ಷ ಅದು. ನಮ್ಮವರು, ಕಾಸಿಂಸಾಬರು, ಹಳಿಯಾಳದಾಗ ಕಟಗಿ ಕೊಯ್ಯೂ ಒಂದು ನಾಟಾ ವಖಾರದಾಗ ಗರಗಸ ಎಳೀತಿದ್ರು. ನೆಲದಾಗ ಆಳೆತ್ತರದ ಕುಣಿ, ಕುಣಿ ಮ್ಯಾಲೆ ಅಡ್ಡ ಇಟ್ಟ ಸಾಗವಾನಿ ದಿಮ್ಮಿ. ದಿಮ್ಮಿ ಮ್ಯಾಲೆ ನಿಂತು ಗರಗಸ ಎತ್ತವರು ನಮ್ಮವರು, ಕುಣ್ಯಾಗ ನಿಂತು ಕೆಳಗ ಜಗ್ಗಾಂವ ಉಳವಪ್ಪ. ಹನ್ನೆರಡು ವರ್ಷ ಹಿಂಗ ಜೋಡಿ. ಒಬ್ಬಾಂವಗ ಜ್ವರ ಬಂದ್ರ ಇನ್ನೊಬ್ಬಾಂವ ಮನ್ಯಾಗ ಕುಂದರತಿದ್ದ, ಬ್ಯಾರೆಯವರ ಜೋಡಿ ಗರಗಸಕ್ಕ ಕೈ ಹಚ್ಚತಿರಲಿಲ್ಲ.

ಬ್ಯಾಸಗಿ ಕಡೀಕ ಒಂದು ದಿಮ್ಮಿ ಉರುಳಿ ನಮ್ಮವರ ಬಲಗೈ ಭುಜದ ಕೀಲು ತಪ್ಪಿತು. ಯಾರೋ ಕೂಡಿಸಿ, ಕೈ ಎದಿಗೆ ಕಟ್ಟಿದ್ರು. ಮಳಿಗಾಲ ಪೂರಾ ಈ ಮನಷಾ ಕೈ ಕಟಗೊಂಡು ಕುಂತರು. ಬಿಚ್ಚಿ ನೋಡಿದ್ರ ಕೈ ಎದಿ ಮಟಾ ಬರತೈತಿ, ಮ್ಯಾಲ ಹೋಗವಲ್ದು! ನಮಾಜಿಗೆ ನಿಂತ್ರ ಎಡಗೈ ಕಿವಿ ಮುಟ್ಟತಿತ್ತು, ಬಲಗೈ ಎದೀಗೆ ನಿಂದರತಿತ್ತು. ನಾಚಿಕಿ ಬಂದು ಮಸೂತ್ಯಾಗ ಕಡೀ ಸಾಲಿಗೆ ನಿಂದರಾಕ ಸುರು ಮಾಡಿದ್ರು. ನನಗ ಹೇಳಲಿಲ್ಲ, ಮಂದಿ ಹೇಳಿದ್ರು.

ಹಬ್ಬದ ಮರುದಿನ ವಖಾರ ಸುರು. ಅವತ್ತು ಜೋಡಿ ಕುಣಿಗೆ ಇಳಿಲಿಲ್ಲಂದ್ರ ಮುಂಡಗೋಡದಿಂದ ಬ್ಯಾರೆ ಆಳು ತರಸ್ತೇನಿ ಅಂದಿದ್ದ ಗುತ್ತಿಗೇದಾರ. ಉಳವಪ್ಪ ನಮ್ಮ ಕಟ್ಟಿ ಮ್ಯಾಲೆ ಕುಂತು ನೆಲಾ ನೋಡಕೋತ ಹೇಳಿದ, "ಹಬ್ಬದ ತನಕ ಕಾಯ್ತೇನ್ರಿ ಭಾಬಿ. ಆಮ್ಯಾಲೆ ನನಗೂ ಮಕ್ಕಳ ಹೊಟ್ಟಿ ಅದಾವ್ರಿ." ಅವಂದೇನು ತಪ್ಪು? ಆದ್ರ ನಮ್ಮವರಿಗೆ ಗರಗಸ ಬಿಟ್ರ ಬ್ಯಾರೆ ಕೆಲಸ ಗೊತ್ತಿಲ್ಲ. ಆ ಕುಣಿ ಹೋದ್ರ ಅವರು ಉಳಿಯೂದಿಲ್ಲ ಅಂತ ನನಗ ಅಂಜಿಕಿ ಹೊಕ್ಕಿತ್ತು.

ಚೌತಿ ಮುಂದ ನಾನ ಅವರನ್ನ ಬಂಡ್ಯಾಗ ಹಾಕ್ಕೊಂಡು ಸಾಂಬ್ರಾಣಿ ಆಚೆ ಸಿದ್ದಿ ಮಂದಿ ವಾಡಾಕ್ಕ ಹೋದೆ. ಅಲ್ಲಿ ಜುಲಿಯಾನಾಬಾಯಿ ಅಂತ ಕೀಲು ಕೂಡಿಸಾಕಿ ಇದ್ಲು. ಆಕಿ ಭುಜಾ ಒತ್ತಿ, ತಿರುವಿ, ನಮ್ಮವರು "ಯಾ ಅಲ್ಲಾ" ಅಂತ ಕೂಗಿದ ಮ್ಯಾಲೆ ಅಂದ್ಲು, "ಎಲುಬು ನೆಟ್ಟಗ ಐತಿ. ಕುಂತು ಕುಂತು ಜಂಗ ಹಿಡದೈತಿ. ದಿನಾ ಮುಂಜಾನೆ, ಸಂಜಿಮುಂದ ಗ್ವಾಡಿಗೆ ಮಾರಿ ಮಾಡಿ ನಿಂದ್ರು ಸಾಬಾ. ಬೆರಳಿಲೆ ಗ್ವಾಡಿ ಹತ್ತು, ಜ್ಯಾಡ ಹುಳ ಹತ್ತಿದಂಗ. ನಾಲ್ವತ್ತು ಸಲ. ಬೆರಳು ನಿಂತಲ್ಲೆ ಇದ್ದಲಿಲೆ ಗೆರಿ ಹೊಡಿ. ಗೆರಿ ಏರಿದ್ರ ಚಲೋ. ಒಂದು ಬೆರಳಷ್ಟು ಇಳೀತು ಅಂದ್ರ ಒಳಗ ಕೀಲು ಮತ್ತ ಜಾರಾಕತ್ತೈತಿ ಅಂತ ತಿಳಿ. ಆಗ ಗರಗಸ ಮುಟ್ಟಿದಿ ಅಂದ್ರ ಕೈ ಜಲ್ಮಕ್ಕ ಹೋತು."

ನಾಕು ದಿನ ಜುಲಿಯಾನಾಬಾಯಿ ಅಂಜಿಕೀಗೆ ಮಾಡಿದ್ರು. ಐದನೇ ದಿನದಿಂದ ಇವರ ನೆವಾ ಸುರು ಆದವು. ಇವತ್ತ ಥಂಡಿ ಐತಿ. ಇವತ್ತ ಶುಕ್ರವಾರ. ಇವತ್ತ ಹಲ್ಲ ನೋಯಾಕತ್ತೈತಿ. ಹಲ್ಲಿಗೂ ಭುಜಕ್ಕೂ ಏನ ಸಂಬಂಧ್ರೀ? ಕುಂತು ಉಣ್ಣಾಂವಗ ಕುಡಿಕಿ ಹೊನ್ನು ಸಾಲಂಗಿಲ್ಲ ಅಂತ ಒದರಿ, ಸೌಟು ಹಿಡಕೊಂಡು ಬಾಗಲಾಗ ನಿಂದರತಿದ್ದೆ. ನಾಲ್ವತ್ತು ಮುಗಿಯೂತನಕ ರೊಟ್ಟಿ ಬಡೀತಿರಲಿಲ್ಲ. ಮೂವತ್ತಕ್ಕ "ನಾಲ್ವತ್ತು" ಅಂತಿದ್ರು. ನಾನೂ ಎಣಿಸ್ತಿದ್ದೆ, ಗೊತ್ತಿರಲಿಲ್ಲ ಅವರಿಗೆ.

ಆಮ್ಯಾಲೆ ಗೆರಿ ಏರಾಕ ಹತ್ತಿತು ನೋಡ್ರಿ! ಒಂದು ದಿನ ಜೋಳದ ಕಾಳಿನಷ್ಟು, ಒಂದು ದಿನ ಅದೂ ಇಲ್ಲ, ಒಂದು ದಿನ ಅರ್ಧ ಬೆರಳು. ಗ್ವಾಡಿ ತುಂಬ ಕರೀ ಗೆರಿ, ಒಂದರ ಮ್ಯಾಲೊಂದು. ಇವರಿಗೆ ಆ ಗೆರೀ ಹುಚ್ಚು ಹಿಡೀತು. ರೋಜಾ ಉಪಾಸ ಸುರು ಆದ್ರೂ ಬಿಡಲಿಲ್ಲ, ನಸೀಕಿನ್ಯಾಗ ಸಹರಿ ಉಂಡು, ನಮಾಜು ಮುಗಿಸಿ, ಸೀದಾ ಗ್ವಾಡಿಗೆ. ಉಳವಪ್ಪ ಬಂದ್ರ ಕೈ ಹಿಡದು ಎಳಕೊಂಡು ಹೋಗಿ ತೋರಸತಿದ್ರು. ನಾ ಗೆರಿ ಕೆಳಗ ನಿಂತು ಗೇಣು ಹಾಕಿ ಚ್ಯಾಷ್ಟಿ ಮಾಡತಿದ್ದೆ, "ನನ್ನ ನೆತ್ತಿ ದಾಟಿ ಒಂದು ಗೇಣು ಆತ್ರಿ, ಇನ್ನ ಮಾಳಿಗಿ ಮುಟ್ಟೂದೊಂದ ಬಾಕಿ." ಅವರು ನಗತಿದ್ರು. ಆರು ತಿಂಗಳ ಮ್ಯಾಲೆ ಆ ನಗಿ ಕಂಡಿದ್ದೆ ನಾ.

ಇಪ್ಪತ್ತೈದನೇ ರೋಜಾ. ಇವರು ಮಸೂತಿಗೆ ಹೋಗಿದ್ರು. ಹಬ್ಬ ಬಂತಲ್ಲಾ, ಸುಣ್ಣಾ ಕಲಿಸಿದೆ. ಮಾಳಿಗಿಯಿಂದ ಸುಣ್ಣ ತಲೀ ಮ್ಯಾಲೆ ಸುರೀತೈತಿ ಅಂತ ಹಳೇ ಸೀರಿ ತುಂಡು ನಾಕು ಸುತ್ತು ಬಿಗಿದು ಸುತಗೊಂಡೆ. ಪಡಸಾಲಿ ಮುಗಿಸಿ, ಹಾಡಕೋತ ಒಳಗಿನ ಗ್ವಾಡಿಗೂ ಕುಂಚಾ ಎಳದೆ. ಎಳದ ಮ್ಯಾಲೆ ನೆನಪಾತು.

ಗೆರಿ ಎಲ್ಲಾ ಬೆಳ್ಳಗ! ತಲಿ ತಲಿ ಬಡಕೊಂಡೆ. ಆದ್ರ ನಾ ಏನ ದಡ್ಡೀನ? ಕಡೀ ಗೆರಿ ನನ್ನ ನೆತ್ತಿ ಮ್ಯಾಲೆ ಒಂದು ಗೇಣು ಅಂತ ಗೊತ್ತಿತ್ತಲ್ಲ. ಸುಣ್ಣ ಆರಿದ ಕೂಡಲೇ ನಿಂತು, ಗೇಣು ಹಾಕಿ, ಇದ್ದಲಿಲೆ ಒಂದು ಗೆರಿ ಹೊಡದೆ. ಇವರು ಬಂದು ಬೆಳ್ಳನ ಗ್ವಾಡಿ ನೋಡಿ ಗಾಬರಿ ಆದ್ರು.

"ಇದ್ದಲ್ಲೇ ಹೊಡದೇನ್ರಿ," ಅಂದೆ. "ಕೂದಲೆಳಿಯಷ್ಟೂ ಹೆಚ್ಚು ಕಮ್ಮಿ ಇಲ್ಲ."

ಅವತ್ತ ಸಂಜಿಮುಂದ ಬೆರಳು ಹತ್ತಿದವು, ಹತ್ತಿದವು, ಗೆರೀಗಿಂತ ನಾಕು ಬೆರಳು ಕೆಳಗ ನಿಂತವು. ಮತ್ತ ಹತ್ತಿಸಿದ್ರು. ಅಲ್ಲೇ. ಬೆವರು ಸುರೀತು. ಮರುದಿನ ಮುಂಜಾನೆನೂ ಅಷ್ಟ, ಸಂಜಿಕೂ ಅಷ್ಟ. ಮೂರನೇ ದಿನ ಚಾಪಿ ಬಿಟ್ಟು ಏಳಲಿಲ್ಲ. ನಾ ಸೌಟು ತಗೊಂಡು ಹೋದೆ. ಗ್ವಾಡಿ ಕಡೆ ಮಾರಿ ತಿರುವಿ ಮಲಕೊಂಡಿದ್ರು.

"ಇಳೀತು ರೋಷನ್," ಅಂದ್ರು. "ಒಂದ ಬೆರಳಲ್ಲ, ನಾಕು ಬೆರಳು. ಒಳಗ ಜಾರಾಕತ್ತೈತಿ. ಇನ್ನ ಗ್ವಾಡಿ ಹತ್ತಿ ಏನ ಮಾಡೂದು?"

ಸೌಟು ಒಯ್ದು ಒಲಿ ಬಾಜೂಕ ಇಟ್ಟೆ.

ಇಪ್ಪತ್ತೊಂಬತ್ತನೇ ರೋಜಾ ದಿನ, ಇವತ್ತ ಚಂದ್ರ ಕಂಡ್ರ ನಾಳೆ ಹಬ್ಬ. ಇವರು ಮುಂಜಾನೆನ ಅಂಗಿ ಹಾಕ್ಕೊಂಡು, "ಉಳವಪ್ಪಗ ಹೇಳಿ ಬರ್ತೇನಿ, ಗುತ್ತಿಗೇದಾರ ಕರಿಸಿದ ಮುಂಡಗೋಡದಾಂವ ಆಗಲೇ ಬಂದಾನಂತ, ಗರಗಸ ಅವನ ಕೈಗೆ ಕೊಟ್ಟು ಬರ್ತೇನಿ," ಅಂತ ಹೋದ್ರು. ನಾ ತಲಿಗೆ ನೀರು ಎರಕೊಂಡು ಬಂದೆ. ಆ ಗೆರಿ ಕಂಡ್ರ ಮೈ ಉರೀತು. ನಮ್ಮ ಮನೀ ತಿಂದ ಗೆರಿ, ಅಳಿಸಿ ಒಗೀಬೇಕು ಅಂತ ಒದ್ದಿ ಅರಿವಿ ತಗೊಂಡು ಅದರ ಕೆಳಗ ನಿಂತೆ. ಸುಮ್ಮನ, ರೂಢೀಲೆ, ನೆತ್ತಿ ಮ್ಯಾಲೆ ಗೇಣು ಹಾಕಿದೆ. ಗೇಣು ಮುಗೀತು, ಗೆರಿ ಮುಟ್ಟಲಿಲ್ಲ. ನನ್ನ ಹೆಬ್ಬೆರಳು ಒದ್ದಿ ಕೂದಲ ಮ್ಯಾಲೆ ಐತಿ, ಗೆರಿ ಇನ್ನೂ ನಾಕು ಬೆರಳು ಮ್ಯಾಲ ಐತಿ!

ಯಪ್ಪಾ, ತಲೀ ಸುತ್ತು! ಅವತ್ತು ತಲೀಗೆ ಸುತ್ತಿದ್ದ ಸೀರಿ ತುಂಡಿನ ಮ್ಯಾಲೆ ಗೇಣು ಹಾಕಿದ್ದೆ ನಾನು. ಮೂರ್ಖಿ! ಶಾಣ್ಯಾಕಿ ಅಂತ ಮೆರೀತಿದ್ದೆ!

ಒದ್ದಿ ಕೂದಲ ಮ್ಯಾಲೆ ಸೆರಗು ಎಳಕೊಂಡು ಓಡಿದೆ. ಹಬ್ಬದ ಹಿಂದಿನ ದಿನ, ಹಳಿಯಾಳದ ಪ್ಯಾಟಿ ತುಂಬ ಮಂದಿ. ಶಾವಿಗಿ ಮಾರಾಕಿ ಬುಟ್ಟೀಗೆ ಎಡವಿದೆ, ಆಕಿ ಬೈದ್ಲು, ಬೈಲಿ ಅಂತ ಬಿಟ್ಟೆ. ವಖಾರದಾಗ ನೋಡ್ತೇನಿ, ಉಳವಪ್ಪ ಮಾರಿ ಸಣ್ಣ ಮಾಡಿ ನಿಂತಾನ. ನಮ್ಮವರು ಗರಗಸ ಮಣಕಾಲ ಮ್ಯಾಲೆ ಇಟಗೊಂಡು, ಚನಬಸಪ್ಪ ಅನ್ನೂ ಆ ಮುಂಡಗೋಡದ ಹೊಸ ಮನಷಾಗ ಅದರ ಹಲ್ಲು ತೋರಸಿ ಹೇಳಾಕತ್ತಿದ್ರು, "ಇದು ಸ್ವಲ್ಪ ಎಡಕ್ಕ ಜಗ್ಗತೈತಪಾ. ಸಿಟ್ಟಾಗಬ್ಯಾಡ. ಮೆತ್ತಗ ಎತ್ತಿದ್ರ ಮಾತು ಕೇಳತೈತಿ."

"ಕೊಡಬ್ಯಾಡ್ರೀ!" ಅಂತ ಚೀರಿದೆ. ಉಸರು ಹತ್ತಿ ಹತ್ತಿ, ಸುಣ್ಣಾ, ಸೀರಿ ತುಂಡು, ಗೇಣು ಎಲ್ಲಾ ಒದರಿದೆ. "ನಿಮ್ಮ ಕೈ ಇಳದಿಲ್ಲ. ಗೆರೀನ ನಾ ಏರಿಸಿದ್ದೆ. ನನ್ನ ಕೈ ಮುರೀಲಿ!"

ಮೊದಲ ಉಳವಪ್ಪ ನಕ್ಕ. "ಕಾಸಿಮಣ್ಣಾ, ದಿಮ್ಮಿ ಮ್ಯಾಲೆ ಹತ್ತು," ಅಂದಾಂವ ಕುಣ್ಯಾಗ ಜಿಗದ ಬಿಟ್ಟ.

ನಮ್ಮವರು ಹತ್ತಿದ್ರು. ಗರಗಸದ ಹಿಡಕಿ ಹಿಡಿದು ನಿಂತ್ರು. ಬಾಳ ಹೊತ್ತು ನಿಂತ್ರು. ಆಮ್ಯಾಲೆ ಎತ್ತಿದ್ರು. ಕೈ ಎದಿ ದಾಟಿತು, ಗದ್ದಾ ದಾಟಿತು, ಕಿವಿ ದಾಟಿತು. ಮಾರಿ ಕಿವುಚಿದ್ರು, ಆದ್ರ ಬಿಡಲಿಲ್ಲ. ಕೆಳಗಿಂದ ಉಳವಪ್ಪ ಜಗ್ಗಿದ. ಮತ್ತ ಎತ್ತಿದ್ರು. ಗರ್ರ್ ಅಂತ ಹಲ್ಲು ಕಟಗಿ ಕಚ್ಚಿತು. ನಾಕು ಎಳತಕ್ಕ ಕುಣ್ಯಾಗಿಂದ ಕೂಗು ಬಂತು, "ಹೊಟ್ಟು ಕಣ್ಣಾಗ ಬಿತ್ತೋ ಅಣ್ಣಾ! ಬೀಳಲಿ, ಬೀಳಲಿ!" ಚನಬಸಪ್ಪ ಗಂಟು ಎತ್ತಿಗೊಂಡು, "ನನ್ನ ಸುಮ್ಮನ ಕರಿಸಿದ್ರಲ್ಲೋ," ಅಂದ, ಆದ್ರ ಅಂವನೂ ನಗಾಕತ್ತಿದ್ದ. ನಾ ಅಲ್ಲೇ ಕಟಗಿ ಹೊಟ್ಟಿನ ಗುಂಪಿ ಮ್ಯಾಲೆ ಕುಂತೆ. ಆ ನಾಕು ದಿನ ಎದಿ ಮ್ಯಾಲೆ ಕುಂತಿದ್ದ ಬೀಸೂ ಕಲ್ಲು ಇಳಿದಂಗ ಆತು.

ಮನೀಗೆ ಬರೂವಾಗ ನನಗ ತಡೀಲಿಲ್ಲ.

"ಒಂದು ಸಲ ಬೈದು ಬಿಡ್ರಿ," ಅಂದೆ. "ನನ್ನ ಮನಸಾದ್ರೂ ಹಗರ ಆಗಲಿ."

"ಏನಂತ ಬೈಲಿ?" ಅಂದ್ರು. "ನೋವು ಕಮ್ಮಿ ಆಗಿತ್ತು ರೋಷನ್. ಕೈ ಹಗರ ಆಗಿತ್ತು. ಚಲೋ ಆಗೇನಿ ಅಂತ ದಿನಾ ಹೇಳಾಕತ್ತಿತ್ತು ನನ್ನ ಕೈ. ಆದ್ರ ನೀ ಕೂದಲೆಳಿಯಷ್ಟೂ ಹೆಚ್ಚು ಕಮ್ಮಿ ಇಲ್ಲ ಅಂದಿದ್ದಿ. ಹದಿನೆಂಟು ವರ್ಷದಾಗ ನೀ ನನಗ ಒಂದೂ ಸುಳ್ಳು ಹೇಳಿದಾಕಿ ಅಲ್ಲ. ಅದಕ್ಕ ಕೈನ ಸುಳ್ಳು ಹೇಳತೈತಿ ಅಂತ ತಿಳಕೊಂಡೆ."

ಊರಿಗೆಲ್ಲ ಬಾಯಿ ಮಾಡಾಕಿ ನಾನು. ಅವತ್ತು ಮನೀಗೆ ಬಂದಾಕಿ ಮೊದಲ ಆ ಗೆರಿ ಅಳಿಸಿ, ಇದ್ದಲಿ ಅವರ ಕೈಗೆ ಕೊಟ್ಟೆ.